ಅಡ್ಡಗೋಡೆ ಮೇಲಿನ ದೀಪ: ನ್ಯೂಜಿಲೆಂಡಿನ ಗಾಂಜಾ ಜನಮತಗಣನೆ, 2020

2020ರ ಸೆಪ್ಟೆಂಬರ್ 30. ನ್ಯೂಜಿಲೆಂಡಿನಲ್ಲಿ ಮತದಾನಕ್ಕೆ ಹದಿನೇಳು ದಿನ ಬಾಕಿ. ಟೀವಿಯಲ್ಲಿ ನಾಯಕರ ಚರ್ಚೆ ನಡೆಯುತ್ತಿದೆ. ಒಂದು ಕಡೆ ಲೇಬರ್ ಪಕ್ಷದ ಪ್ರಧಾನಿ ಜೆಸಿಂಡಾ ಆರ್ಡರ್ನ್, ಇನ್ನೊಂದು ಕಡೆ ನ್ಯಾಷನಲ್ ಪಕ್ಷದ ಜುಡಿತ್ ಕಾಲಿನ್ಸ್. ನಡುವೆ ಪತ್ರಕರ್ತ ಪ್ಯಾಟ್ರಿಕ್ ಗೋವರ್. ನೀವು ಯಾವತ್ತಾದರೂ ಗಾಂಜಾ ಸೇದಿದ್ದೀರಾ ಅಂತ ಪ್ರಶ್ನೆ ಬಂತು. ಕಾಲಿನ್ಸ್ ಇಲ್ಲ ಅಂದರು. ಆರ್ಡರ್ನ್, ಹೌದು, ತುಂಬಾ ಹಿಂದೆ ಅಂದರು.

ಸೇದಿದ್ದೆ ಅಂತ ಇಡೀ ದೇಶದ ಎದುರು ಒಪ್ಪಿಕೊಂಡ ಪ್ರಧಾನಿ, ಚುನಾವಣೆಯ ಜೊತೆಗೇ ಜನರ ಮುಂದಿಟ್ಟಿದ್ದ, ಗಾಂಜಾವನ್ನು ಕಾನೂನುಬದ್ಧ ಮಾಡುವ ಮಸೂದೆಗೆ ಯಾವ ಮತ ಹಾಕುತ್ತೇನೆ ಅನ್ನುವುದನ್ನು ಮಾತ್ರ ಬಾಯಿ ಬಿಡಲಿಲ್ಲ. ಆ ದಿನವೂ ಇಲ್ಲ, ಅದಕ್ಕೂ ಮುಂಚಿನ ತಿಂಗಳುಗಳಲ್ಲೂ ಇಲ್ಲ. ಜನರೇ ತೀರ್ಮಾನ ಮಾಡಲಿ, ನನ್ನ ಮತ ಇದರಲ್ಲಿ ಮುಖ್ಯವಲ್ಲ ಅನ್ನುವ ಧಾಟಿ. ನಮ್ಮಲ್ಲಿ ಇದಕ್ಕೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಅನ್ನುತ್ತಾರೆ.

ಎಣಿಕೆ ಮುಗಿದಾಗ ಗಾಂಜಾ ಸೋತಿತ್ತು. ಹೌದು 14,06,973. ಬೇಡ 14,74,635. ಅಂತರ 67,662. ನಮ್ಮ ಕಡೆ ಒಂದೇ ಲೋಕಸಭಾ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ಅಂತರದ ಗೆಲುವು ಎಷ್ಟೋ ಸಲ ಆಗಿದೆ. ಇದು ಇಡೀ ದೇಶದ ಲೆಕ್ಕ. ಪ್ರಧಾನಿಯ ಆ ಮೌನದ ಬೆಲೆ ಎಷ್ಟು, ಅದನ್ನು ಕಟ್ಟಿದವರು ಯಾರು ಅನ್ನುವುದೇ ಈ ಪ್ರಕರಣದಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು.

ಒಪ್ಪಂದದ ಒಂದು ಸಾಲು

ಇದು ಶುರುವಾದದ್ದು 2017ರಲ್ಲಿ. ಆ ವರ್ಷದ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. 120 ಸ್ಥಾನಗಳಲ್ಲಿ ನ್ಯಾಷನಲ್‌ಗೆ 56, ಲೇಬರ್‌ಗೆ 46. ವಿನ್‌ಸ್ಟನ್ ಪೀಟರ್ಸ್ ಅವರ ನ್ಯೂಜಿಲೆಂಡ್ ಫಸ್ಟ್ ಪಕ್ಷದ 9 ಮತ್ತು ಗ್ರೀನ್ ಪಕ್ಷದ 8 ಸೇರಿಸಿ ಲೇಬರ್ ಸರ್ಕಾರ ರಚಿಸಿತು. ಪೀಟರ್ಸ್ ಮೈತ್ರಿಯ ಒಳಗೆ ಬಂದರು. ಗ್ರೀನ್ ಪಕ್ಷದ ಜೊತೆ ಬೇರೆಯದೇ ಬೆಂಬಲ ಒಪ್ಪಂದ ಆಯಿತು. ಆ ಒಪ್ಪಂದದಲ್ಲಿ ಒಂದು ಸಾಲು: ವೈಯಕ್ತಿಕ ಬಳಕೆಯ ಗಾಂಜಾವನ್ನು ಕಾನೂನುಬದ್ಧ ಮಾಡುವ ಬಗ್ಗೆ 2020ರ ಚುನಾವಣೆಯ ಹೊತ್ತಿಗೆ ಜನಮತಗಣನೆ ನಡೆಸಬೇಕು.

ಗಮನಿಸಿ, ಕಾನೂನು ತರುತ್ತೇವೆ ಅಂತ ಲೇಬರ್ ಮಾತು ಕೊಟ್ಟಿರಲಿಲ್ಲ. ಜನರನ್ನು ಕೇಳುತ್ತೇವೆ ಅಂದಿತ್ತು, ಅಷ್ಟೇ. ಗ್ರೀನ್ ಪಕ್ಷಕ್ಕೆ ಇದು ಗೆಲುವು. ಲೇಬರ್‌ಗೆ ಇದು ಪಕ್ಕದ ಮನೆಯವರ ಮಗುವನ್ನು ಸ್ವಲ್ಪ ಹೊತ್ತು ನೋಡಿಕೊಳ್ಳುತ್ತೇನೆ ಅಂತ ಒಪ್ಪಿಕೊಂಡ ಹಾಗೆ. ನೋಡಿಕೊಳ್ಳುತ್ತೀರಿ, ನಿಜ. ಆದರೆ ನಿಮ್ಮ ಮಗು ಅಲ್ವಲ್ಲ.

ಗ್ರೀನ್ ಪಕ್ಷದಲ್ಲಿ ಈ ವಿಷಯ ಕ್ಲೋಯಿ ಸ್ವಾರ್ಬ್ರಿಕ್ ಕೈಗೆ ಬಂತು. 2017ರಲ್ಲಿ ಸಂಸತ್ತಿಗೆ ಬಂದಾಗ ಆಕೆಗೆ 23 ವರ್ಷ. 2019ರಲ್ಲಿ ಭಾಷಣದ ನಡುವೆ ಕಾಲೆಳೆದವರಿಗೆ 'ಓಕೆ ಬೂಮರ್' (ಆಯ್ತು ಬಿಡಿ ಹಿರಿಯರೇ ಅನ್ನುವ ಹಾಗೆ) ಅಂತ ಎರಡೇ ಪದದಲ್ಲಿ ಬಾಯಿ ಮುಚ್ಚಿಸಿದವರು ಇವರೇ. ಊರೂರು ತಿರುಗಿ ಗಾಂಜಾ ಮಸೂದೆ ಪರ ವಾದ ಮಾಡಿದ ಸಂಸದೆ ಅಂದರೆ ಮೊದಲು ನೆನಪಾಗುವ ಹೆಸರು ಇದು.

ಒಂದೇ ಚೀಟಿ, ಎರಡು ಪ್ರಶ್ನೆ

ಮತಗಟ್ಟೆಯಲ್ಲಿ ಆ ವರ್ಷ ಎರಡು ಚೀಟಿ ಕೊಟ್ಟರು. ಒಂದು ಸಂಸತ್ತಿಗೆ. ಇನ್ನೊಂದರಲ್ಲಿ ಎರಡು ಪ್ರಶ್ನೆ. ಮೊದಲನೆಯದು ದಯಾಮರಣದ ಕಾಯ್ದೆ ಜಾರಿಗೆ ಬರಬೇಕೇ ಅಂತ. ಇನ್ನೊಂದು, ಪ್ರಸ್ತಾವಿತ ಗಾಂಜಾ ಮಸೂದೆಯನ್ನು ಬೆಂಬಲಿಸುತ್ತೀರಾ ಅಂತ. ಎರಡಕ್ಕೂ ಹೌದು ಅಥವಾ ಬೇಡ ಅಂತ ಗುರುತು ಮಾಡಬೇಕು.

ಒಂದೇ ಕಾಗದದ ಮೇಲೆ ಇದ್ದರೂ ಇವೆರಡರ ಹಣೆಬರಹ ಬೇರೆ. ದಯಾಮರಣದ ಕಾಯ್ದೆಯನ್ನು ಸಂಸತ್ತು 2019ರ ನವೆಂಬರಿನಲ್ಲೇ 69–51 ಮತದಿಂದ ಪಾಸು ಮಾಡಿತ್ತು. ಜನ ಹೌದು ಅಂದರೆ ಸಾಕು, ತಾನಾಗಿ ಜಾರಿ. ಗಾಂಜಾದ್ದು ಬರೀ ಕರಡು. ಜನ ಹೌದು ಅಂದರೂ ಅದನ್ನು ಸಂಸತ್ತಿನಲ್ಲಿ ಮಂಡಿಸಬೇಕು, ಸಮಿತಿಗೆ ಕಳಿಸಬೇಕು, ಮತ್ತೆ ಮತ ಹಾಕಬೇಕು. ಕಾನೂನಿನ ಲೆಕ್ಕದಲ್ಲಿ ಸರ್ಕಾರಕ್ಕೆ ಯಾವ ಕಟ್ಟುಪಾಡೂ ಇಲ್ಲ. ಅಂಗಡಿಗೆ ಹೋದವರಿಗೆ ಒಂದು ಕಡೆ ಹೊಲಿದ ಅಂಗಿ, ಇನ್ನೊಂದು ಕಡೆ ಅಳತೆ ಹಾಕಿದ ಬಟ್ಟೆ ತೋರಿಸಿದ ಹಾಗಾಯಿತು.

ಹಾಗಂತ ಕರಡು ಸಡಿಲವಾಗಿ ಏನೂ ಇರಲಿಲ್ಲ. ಕೊನೆಯ ರೂಪ 2020ರ ಮೇ 1ರಂದು ಹೊರಬಂತು. ಕೊಳ್ಳಲು 20 ವರ್ಷ ತುಂಬಿರಬೇಕು. ದಿನಕ್ಕೆ 14 ಗ್ರಾಂ ಮೀರುವಂತಿಲ್ಲ. ಮನೆಯಲ್ಲಿ ಒಬ್ಬರಿಗೆ ಎರಡು ಗಿಡ, ಇಡೀ ಮನೆಗೆ ನಾಲ್ಕು. ಜಾಹೀರಾತು ಇಲ್ಲ. ಬೀದಿಯಲ್ಲಿ ಸೇದುವಂತಿಲ್ಲ. ನಶೆ ಏರಿಸುವ ಅಂಶಕ್ಕೂ ಮಿತಿ. ಈಗಿರುವ ಕಾನೂನಿನಲ್ಲಿ ಗಾಂಜಾ ಇಟ್ಟುಕೊಂಡು ಸಿಕ್ಕಿಬಿದ್ದರೆ ಮೂರು ತಿಂಗಳ ತನಕ ಜೈಲು ಅಥವಾ 500 ಡಾಲರ್ ತನಕ ದಂಡ. (ಮಾದಕ ವಸ್ತುಗಳನ್ನು ತಡೆಯುವ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಸಣ್ಣ ಪ್ರಮಾಣದ ಗಾಂಜಾಕ್ಕೆ ಒಂದು ವರ್ಷದ ತನಕ ಶಿಕ್ಷೆ ಇದೆ. ಅದೇ ಕಾಯ್ದೆ ಬರೀ ಎಲೆಯನ್ನು ಗಾಂಜಾ ಅಂತ ಲೆಕ್ಕ ಹಿಡಿಯುವುದಿಲ್ಲ. ಭಂಗಿ ಸೊಪ್ಪು ಉಳಿದುಕೊಂಡದ್ದು ಹೀಗೆ.)

ಇನ್ನೊಂದು ವಿಷಯ ನಮ್ಮವರಿಗೆ ಗೊತ್ತಿರಲಿ. ನ್ಯೂಜಿಲೆಂಡಿನಲ್ಲಿ ಮತ ಹಾಕಲು ಪೌರತ್ವ ಬೇಕಿಲ್ಲ. ಕಾಯಂ ವಾಸದ ಪರವಾನಗಿ ಇದ್ದು, ಅಲ್ಲಿ ಒಂದು ವರ್ಷ ಬಿಡದೆ ಇದ್ದರೆ ಸಾಕು. ಹಾಗಾಗಿ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡು ಆಕ್ಲೆಂಡಿನಲ್ಲಿ ನೆಲೆಸಿದ ಕನ್ನಡಿಗರ ಕೈಗೂ ಈ ಚೀಟಿ ಬಂದಿತ್ತು. ಊರಲ್ಲಿ ಯಾರೂ ಯಾವತ್ತೂ ಅವರನ್ನು ಕೇಳದ ಪ್ರಶ್ನೆ.

ಸಮೀಕ್ಷೆಯನ್ನು ಓದುವ ಬಗೆ

ಇನ್ನು ಸಮೀಕ್ಷೆಗಳ ಕಥೆ. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ತಪ್ಪು ನಡೆದದ್ದು ಇಲ್ಲೇ ಅಂತ ನನ್ನ ಅನಿಸಿಕೆ.

ಜನಮತಗಣನೆಗೆ ಮುಂಚೆ, ಡ್ರಗ್ ಫೌಂಡೇಶನ್ ಅನ್ನುವ ಸಂಸ್ಥೆ ಮಾಡಿಸಿದ ಸಮೀಕ್ಷೆಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನ, ಸ್ವಂತಕ್ಕೆ ಗಾಂಜಾ ಇಟ್ಟುಕೊಂಡವರನ್ನು ಅಪರಾಧಿ ಮಾಡಬೇಡಿ ಅಂದಿದ್ದರು. ಅದೇ ಜನರಿಗೆ ಅಂಗಡಿಯಲ್ಲಿ ಮಾರಬಹುದಾ ಅಂತ ಕೇಳಿದರೆ ಬೆಂಬಲ ಜರ್ರನೆ ಇಳಿಯುತ್ತಿತ್ತು. ಇದರಲ್ಲಿ ವಿರೋಧಾಭಾಸ ಏನಿಲ್ಲ. ಪಕ್ಕದ ಮನೆ ಹುಡುಗ ಜೈಲಿಗೆ ಹೋಗುವುದು ಬೇಡ ಅನ್ನುವುದು ಒಂದು ಮಾತು. ಬಸ್ ಸ್ಟಾಪಿನ ಎದುರು ಗಾಂಜಾ ಅಂಗಡಿ ಬರಲಿ ಅನ್ನುವುದು ಇನ್ನೊಂದು. ಮಸೂದೆಯಲ್ಲಿ ಎರಡೂ ಒಟ್ಟಿಗೆ ಇದ್ದವು. ಬಿಡಿಸಿ ಆರಿಸುವ ಹಾಗಿರಲಿಲ್ಲ.

ಟೀವಿ ಚಾನೆಲ್‌ಗಾಗಿ ಕೋಲ್ಮಾರ್ ಬ್ರಂಟನ್ ಅನ್ನುವ ಕಂಪನಿ ಮಾಡಿದ ಸಮೀಕ್ಷೆಗಳಲ್ಲಿ ಇದು ಎದ್ದು ಕಾಣುತ್ತದೆ. 2018ರ ಅಕ್ಟೋಬರಿನಲ್ಲಿ ಹೌದು ಅಂದವರು ಶೇ. 46, ಬೇಡ ಅಂದವರು ಶೇ. 41. ಆಗ ಪ್ರಶ್ನೆ ಇನ್ನೂ ಗಾಳಿಯಲ್ಲಿತ್ತು. 2019ರ ಮೇ ತಿಂಗಳಲ್ಲಿ ಸರ್ಕಾರ ವಯಸ್ಸು, ಅಂಗಡಿ, ಪರವಾನಗಿ ಅಂತ ವಿವರ ಬಿಚ್ಚಿಟ್ಟಿತು. ಜೂನ್ ಹೊತ್ತಿಗೆ ಲೆಕ್ಕ ಉಲ್ಟಾ: ಹೌದು 39, ಬೇಡ 52. ವಿವರ ಹೆಚ್ಚಾದಷ್ಟೂ ಎದುರಾಳಿಗೆ ಕಲ್ಲು ಹೊಡೆಯಲು ಜಾಗ ಜಾಸ್ತಿ. 2020ರ ಸೆಪ್ಟೆಂಬರಿಗೆ ಬಂದಾಗ ಹೌದು 35, ಬೇಡ 53. ಹದಿನೆಂಟು ಅಂಶಗಳ ಅಂತರ. ಪತ್ರಿಕೆಗಳ ಮಟ್ಟಿಗೆ ಕಥೆ ಮುಗಿದ ಹಾಗೇ.

ಇದೇ ಸಮಯದಲ್ಲಿ ಹರೈಜನ್ ರಿಸರ್ಚ್ ಅನ್ನುವ ಇನ್ನೊಂದು ಕಂಪನಿಯ ಆನ್‌ಲೈನ್ ಸಮೀಕ್ಷೆಗಳು ಬೇರೆಯದೇ ದೇಶದಿಂದ ಬಂದಂತೆ ಇದ್ದವು. ಅವುಗಳಲ್ಲಿ ಕೊನೆಯ ತಿಂಗಳುಗಳ ತನಕ ಹೌದು ಮತ್ತು ಬೇಡ ಸರಿಸುಮಾರು ಸಮ. ಆದರೆ ಅವನ್ನು ಮಾಡಿಸಿದ್ದು ಹೀಲಿಯಸ್, ಔಷಧದ ಗಾಂಜಾ ತಯಾರಿಸುವ ಕಂಪನಿ. ಹಾಗಾಗಿ ಜನ ಮೂಗು ಮುರಿದರು. ನಾನಾದರೂ ಮುರಿಯುತ್ತಿದ್ದೆ. ಹಾಲು ಮಾರುವವನನ್ನು ಹಾಲು ಚೆನ್ನಾಗಿದೆಯಾ ಅಂತ ಯಾರು ಕೇಳುತ್ತಾರೆ?

ಈಗ ನಿಜವಾದ ಫಲಿತಾಂಶ ಪಕ್ಕಕ್ಕಿಟ್ಟು ನೋಡಿ. ಬೇಡ ಶೇ. 50.7, ಹೌದು ಶೇ. 48.4. ಮೂಗು ಮುರಿಸಿಕೊಂಡ ಸಮೀಕ್ಷೆಯೇ ಹತ್ತಿರ ಬಂದಿತ್ತು!

ಆದರೆ ಕೋಲ್ಮಾರ್ ಬ್ರಂಟನ್ ಅನ್ನು ಬೈಯುವ ಮುಂಚೆ ಅವರ ಸೆಪ್ಟೆಂಬರ್ ಅಂಕಿಯನ್ನು ಇನ್ನೊಮ್ಮೆ ನೋಡಬೇಕು. ಬೇಡ ಅಂದವರು 53. ಬಂದದ್ದು 50.7. ಸಾವಿರ ಜನರ ಸಮೀಕ್ಷೆಯಲ್ಲಿ ಮೂರು ಅಂಶ ಆಚೀಚೆ ಆಗುವುದು ಮಾಮೂಲಿ. ಅಂದರೆ ಬೇಡ ಅನ್ನುವವರ ಲೆಕ್ಕ ಸರಿಯಾಗೇ ಇತ್ತು. ಎಡವಟ್ಟಾದದ್ದು ಹೌದು ಕಡೆ. 35 ಇದ್ದದ್ದು 48 ದಾಟಿತು. ಉಳಿದ 12 ಅಂಶ, ಅಂದರೆ ಇನ್ನೂ ಗೊತ್ತಿಲ್ಲ ಅಂದವರು, ಹೇಳುವುದಿಲ್ಲ ಅಂದವರು, ಹೆಚ್ಚುಕಡಿಮೆ ಎಲ್ಲರೂ ಹೌದು ಕಡೆಗೇ ಹೋದರೇನೋ ಅನ್ನುವ ಹಾಗಿದೆ. ಮಧ್ಯದ ವಾರಗಳಲ್ಲಿ ಕೆಲವರು ಮನಸ್ಸು ಬದಲಿಸಿರಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೂ ಒಂದು ಮಾತು ಯೋಚಿಸಿ. ಇದು ಇನ್ನೂ ಕಾನೂನುಬಾಹಿರ ವಸ್ತು. ಯಾರೋ ಅಪರಿಚಿತರು ಕೇಳಿದಾಗ, ಮಕ್ಕಳು ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿರುವಾಗ, ಹೌದು ರೀ ಗಾಂಜಾ ಬರಲಿ ಅಂತ ಎಷ್ಟು ಜನ ಹೇಳುತ್ತಾರೆ? ಇನ್ನೂ ಯೋಚನೆ ಮಾಡಿಲ್ಲ ಅನ್ನುವುದು ಸಲೀಸು.

ಹದಿನೆಂಟರ ಅಂತರ ಅಂತ ತಲೆಬರಹ ಓದಿದವರಿಗೆ ಈ ಹನ್ನೆರಡು ಕಾಣಲಿಲ್ಲ. ಪಕ್ಷದ ಕಚೇರಿಯಲ್ಲಿ ಲೆಕ್ಕ ಹಾಕುವವರಿಗೂ ಕಂಡಿರಲಿಕ್ಕಿಲ್ಲ.

ಲೇಬರ್ ಲೆಕ್ಕ

ಲೇಬರ್ ಕಡೆಯಿಂದ ನೋಡಿದರೆ ಮೌನಕ್ಕೆ ಕಾರಣ ಸುಲಭವಾಗಿ ಅರ್ಥವಾಗುತ್ತದೆ. 2020ರ ಚುನಾವಣೆ ಕೋವಿಡ್ ಚುನಾವಣೆ. ಆ ಹೊತ್ತಿಗೆ ಇಡೀ ದೇಶದಲ್ಲಿ ಸತ್ತವರು 25 ಜನ. ಆರ್ಡರ್ನ್ ಹೆಸರು ಮನೆಮಾತು. ಆಗಸ್ಟಿನಲ್ಲಿ ಆಕ್ಲೆಂಡಿನಲ್ಲಿ ಸೋಂಕು ಮತ್ತೆ ಕಾಣಿಸಿದ್ದಕ್ಕೆ ಚುನಾವಣೆಯನ್ನೇ ಸೆಪ್ಟೆಂಬರ್ 19ರಿಂದ ಅಕ್ಟೋಬರ್ 17ಕ್ಕೆ ಮುಂದೂಡಿದರು. ಎದುರು ಪಕ್ಷ ನ್ಯಾಷನಲ್‌ನಲ್ಲಿ ಎರಡು ತಿಂಗಳೊಳಗೆ ಸೈಮನ್ ಬ್ರಿಜಸ್, ಟಾಡ್ ಮಲ್ಲರ್, ಜುಡಿತ್ ಕಾಲಿನ್ಸ್ ಅಂತ ಮೂರು ನಾಯಕರು. ಜೀವಮಾನ ಪೂರ್ತಿ ನ್ಯಾಷನಲ್‌ಗೆ ಮತ ಹಾಕಿದ ಹಳ್ಳಿ-ಪಟ್ಟಣದ ಜನ ಈ ಸಲ ಲೇಬರ್ ಕಡೆ ತಿರುಗುತ್ತಿದ್ದರು. ಇಂಥವರ ಎದುರು ಹೋಗಿ ನಾನು ಗಾಂಜಾ ಪರ ಅಂತ ಹೇಳುವುದು ಬಂದ ನೆಂಟರಿಗೆ ಬಾಗಿಲಲ್ಲೇ ಜಗಳ ತೆಗೆದಂತೆ. ಕಾಲಿನ್ಸ್ ಅದಕ್ಕೇ ಕಾಯುತ್ತಿದ್ದಿರಬೇಕು. ನ್ಯಾಷನಲ್ ಬಹಿರಂಗವಾಗಿ ಬೇಡ ಅನ್ನುವ ಕಡೆ ನಿಂತಿತ್ತು.

ಇನ್ನೊಂದು ತೊಡಕು ಲೇಬರ್ ಮನೆಯೊಳಗೇ ಇತ್ತು. ದಕ್ಷಿಣ ಆಕ್ಲೆಂಡಿನ ಮಾಂಗೆರೆಯಂಥ ಕ್ಷೇತ್ರಗಳು ಲೇಬರ್ ಕೋಟೆ. ಅಲ್ಲಿ ಸಮೋವಾ, ಟೋಂಗಾ ಮೂಲದ ಕುಟುಂಬಗಳು ಜಾಸ್ತಿ, ಭಾನುವಾರ ಚರ್ಚು ತಪ್ಪಿಸದ ಜನ. ಅವರು ಲೇಬರ್‌ಗೆ ಕಣ್ಣು ಮುಚ್ಚಿ ಮತ ಹಾಕುತ್ತಾರೆ, ಗಾಂಜಾಕ್ಕೆ ಹಾಕುವುದಿಲ್ಲ. ಹಾಕಲೂ ಇಲ್ಲ. ಇದೇ ಲೇಬರ್ ಬೆಂಬಲಿಗರಲ್ಲಿ ಇನ್ನೊಂದು ದೊಡ್ಡ ಗುಂಪು ಮಾವೊರಿಗಳು, ಅಲ್ಲಿನ ಮೂಲನಿವಾಸಿಗಳು. ಅವರ ಅನುಭವ ಬೇರೆ. ಕ್ರೈಸ್ಟ್‌ಚರ್ಚಿನಲ್ಲಿ 1977ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ದಶಕಗಟ್ಟಲೆ ಹಿಂಬಾಲಿಸಿದ ಅಧ್ಯಯನ ಒಂದಿದೆ. ಅಷ್ಟೇ ಗಾಂಜಾ ಬಳಸಿದರೂ ಮಾವೊರಿಗಳು ಕೇಸಿಗೆ ಸಿಕ್ಕಿಬೀಳುವುದು ಜಾಸ್ತಿ ಅಂತ ಅದು ತೋರಿಸಿತ್ತು. ಮಾವೊರಿಗಳಿಗೆಂದೇ ಇರುವ ಏಳೂ ಕ್ಷೇತ್ರಗಳಲ್ಲಿ ಹೌದು ಗೆದ್ದಿತು. ಒಂದೇ ಪಕ್ಷದ ಎರಡು ತೋಳು ಎರಡು ದಿಕ್ಕಿಗೆ ಎಳೆಯುತ್ತಿರುವಾಗ ನಾಯಕಿ ಏನು ಮಾಡಬೇಕು? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸುಮ್ಮನಿರುವುದು ಒಳ್ಳೆಯದು.

ಸರ್ಕಾರ ಮಾಹಿತಿ ಮಾತ್ರ ಕೊಟ್ಟಿತು, ಪ್ರಚಾರ ಮಾಡಲಿಲ್ಲ. ಆ ಜಾಗ ಖಾಲಿ ಉಳಿಯಲಿಲ್ಲ. 'ಸೇ ನೋಪ್ ಟು ಡೋಪ್' (ಗಾಂಜಾಕ್ಕೆ ಬೇಡ ಅನ್ನಿ) ಅನ್ನುವ ವಿರೋಧಿ ಗುಂಪು ಬೀದಿ ಫಲಕ ಹಾಕಿತು. ಘೋಷಣೆಯ ಪ್ರಾಸ ನೋಡಿ, ಹೌದು ಕಡೆಯವರಿಗೆ ಇಂಥದ್ದೊಂದು ಕೊನೆಗೂ ಸಿಗಲಿಲ್ಲ. ಅವರ ಹತ್ತಿರ ಇದ್ದದ್ದು ವಾದ: ನಿಯಂತ್ರಣ, ಆರೋಗ್ಯ, ನ್ಯಾಯ. ಮಾಜಿ ಪ್ರಧಾನಿ ಹೆಲೆನ್ ಕ್ಲಾರ್ಕ್ ಬಹಿರಂಗವಾಗಿ ಹೌದು ಅಂದರು. ಅವರೂ ಲೇಬರ್‌ನವರೇ. ಆದರೆ ಮಾಜಿ ಮಾಜಿಯೇ. ವಿಜ್ಞಾನವೂ ಎರಡೂ ಕಡೆಗೆ ಬಳಕೆಯಾಯಿತು. ಚಿಕ್ಕ ವಯಸ್ಸಿನಲ್ಲೇ ಶುರು ಮಾಡಿ ವರ್ಷಗಟ್ಟಲೆ ವಿಪರೀತ ಸೇದಿದವರ ಬುದ್ಧಿಮತ್ತೆ ಕುಗ್ಗಿತ್ತು ಅಂತ ನ್ಯೂಜಿಲೆಂಡಿನದೇ ಡ್ಯುನೀಡಿನ್ ಊರಿನ ಅಧ್ಯಯನವೊಂದು 2012ರಲ್ಲಿ ಹೇಳಿತ್ತು. ಬೇಡ ಕಡೆಯವರು ನೋಡಿ, ಎಷ್ಟು ಅಪಾಯ ಅಂದರು. ಹೌದು ಕಡೆಯವರು ಅದಕ್ಕೇ ಅಲ್ವಾ 20 ವರ್ಷದ ಮಿತಿ ಅಂದರು.

ಎರಡು ಕಂತಿನ ಎಣಿಕೆ

ಅಕ್ಟೋಬರ್ 17ರ ರಾತ್ರಿ ಸಂಸತ್ತಿನ ಫಲಿತಾಂಶ ಮಾತ್ರ ಬಂತು. ಲೇಬರ್ ಸುನಾಮಿ. ಅಂತಿಮ ಲೆಕ್ಕದಲ್ಲಿ ಶೇ. 50.0 ಮತ, 65 ಸ್ಥಾನ. 1996ರಲ್ಲಿ ಈಗಿನ ಚುನಾವಣಾ ಪದ್ಧತಿ ಬಂದ ಮೇಲೆ ಒಂದೇ ಪಕ್ಷಕ್ಕೆ ಬಹುಮತ ಸಿಕ್ಕಿದ್ದು ಅದೇ ಮೊದಲು. ನ್ಯಾಷನಲ್ ಕೋಟೆಯಾಗಿದ್ದ ಕ್ರೈಸ್ಟ್‌ಚರ್ಚಿನ ಇಲಾಮ್ ಕೂಡ ಬಿತ್ತು. ಮೌನದ ತಂತ್ರ ಪಕ್ಷಕ್ಕೆ ಎಳ್ಳಷ್ಟೂ ನಷ್ಟ ಮಾಡಲಿಲ್ಲ ಅಂತ ಆ ರಾತ್ರಿಯೇ ಖಾತ್ರಿಯಾಯಿತು.

ಜನಮತಗಣನೆಯ ಮೊದಲ ಲೆಕ್ಕ ಬಂದದ್ದು ಅಕ್ಟೋಬರ್ 30ಕ್ಕೆ. ಬೇಡ 53.1, ಹೌದು 46.1. ಸುಮಾರು 1.67 ಲಕ್ಷ ಮತದ ಅಂತರ. ಆದರೆ ವಿಶೇಷ ಮತಗಳು ಬಾಕಿ ಇದ್ದವು, ಒಟ್ಟು ಮತಗಳ ಆರನೇ ಒಂದು ಪಾಲಿನಷ್ಟು. ತಮ್ಮ ಕ್ಷೇತ್ರದಿಂದ ದೂರ ಇದ್ದವರು, ವಿದೇಶದಲ್ಲಿದ್ದವರು, ಮತದಾನದ ದಿನವೇ ಬಂದು ಹೆಸರು ಸೇರಿಸಿಕೊಂಡವರು ಹಾಕಿದ ಮತ. ಹಾಗೆ ಕೊನೇ ದಿನ ಹೆಸರು ಸೇರಿಸಲು ಸಂಸತ್ತಿನ ಚುನಾವಣೆಯಲ್ಲಿ ಬಿಟ್ಟದ್ದು ಆ ವರ್ಷವೇ ಮೊದಲು. ಇಂಥ ಸಾಲಿನಲ್ಲಿ ಬಾಡಿಗೆ ಮನೆ ಬದಲಿಸುತ್ತಲೇ ಇರುವ ಹುಡುಗ ಹುಡುಗಿಯರು ಜಾಸ್ತಿ. ವಿಶೇಷ ಮತಗಳಲ್ಲಿ ಐದಕ್ಕೆ ಮೂರು ಹೌದು ಆದವು. ನವೆಂಬರ್ 6ರಂದು ಅಂತಿಮ ಲೆಕ್ಕ ಬಂದಾಗ ಅಂತರ 67,662ಕ್ಕೆ ಇಳಿದಿತ್ತು. ಪಕ್ಕದ ಪ್ರಶ್ನೆ, ದಯಾಮರಣ, ಶೇ. 65ರಷ್ಟು ಮತದಿಂದ ಆರಾಮಾಗಿ ಗೆದ್ದಿತ್ತು.

ಅಕ್ಟೋಬರ್ 30ರಂದೇ, ಮೊದಲ ಲೆಕ್ಕ ಹೊರಬಿದ್ದ ಮೇಲೆ, ಪ್ರಧಾನಿಯ ವಕ್ತಾರರ ಮೂಲಕ ಒಂದು ಸುದ್ದಿ ಬಂತು. ಆರ್ಡರ್ನ್ ಎರಡೂ ಪ್ರಶ್ನೆಗೆ ಹೌದು ಅಂತ ಮತ ಹಾಕಿದ್ದರಂತೆ.

33,832

ಈಗ ಒಂದು ಮನೆಲೆಕ್ಕ. 67,662ರ ಅಂತರ ಮುಚ್ಚಲು ಬೇಡ ಕಡೆಯಿಂದ ಹೌದು ಕಡೆಗೆ 33,832 ಜನ ಹಾರಿದ್ದರೆ ಸಾಕಿತ್ತು. ಆ ದಿನ ಲೇಬರ್ ಪಕ್ಷಕ್ಕೆ ಮತ ಹಾಕಿದವರು 14.43 ಲಕ್ಷ. ಅಂದರೆ ಲೇಬರ್‌ಗೆ ಮತ ಹಾಕಿದ ಸುಮಾರು 43 ಜನರಲ್ಲಿ ಒಬ್ಬರು, 'ಜೆಸಿಂಡಾನೇ ಹೌದು ಅಂದ್ರಲ್ಲ' ಅಂತ ಮನಸ್ಸು ಬದಲಿಸಿದ್ದರೆ ಕಥೆ ಬೇರೆಯಾಗುತ್ತಿತ್ತು.

ಆಗುತ್ತಿತ್ತಾ? ಎದುರು ವಾದವೂ ಇದೆ, ಗಟ್ಟಿಯಾಗೇ ಇದೆ. ಆಕೆ ಬಾಯಿ ಬಿಟ್ಟಿದ್ದರೆ ಅಂದಿನಿಂದಲೇ ಇದು ಲೇಬರ್ ಮಸೂದೆ ಅನ್ನಿಸಿಕೊಳ್ಳುತ್ತಿತ್ತು. ನ್ಯಾಷನಲ್‌ಗೆ ಮತ ಹಾಕಿಯೂ ಹೌದು ಅಂದವರಲ್ಲಿ ಕೆಲವರು ಹಟಕ್ಕೆ ಬಿದ್ದು ಬೇಡ ಅನ್ನುತ್ತಿದ್ದರು. ಮಾಂಗೆರೆಯ ಚರ್ಚುಗಳಲ್ಲಿ ಭಾನುವಾರದ ಮಾತು ಇನ್ನಷ್ಟು ಬಿಸಿಯಾಗುತ್ತಿತ್ತು. ಪ್ರಧಾನಿ ಹೇಳಿದ್ದನ್ನೆಲ್ಲ ಜನ ಕೇಳುತ್ತಾರೆ ಅನ್ನುವುದು ಪ್ರಧಾನಿಗಳ ಭ್ರಮೆ ಇರಬಹುದು.

ಆದರೂ ನಾನು ಒಂದು ಕಡೆ ನಿಲ್ಲುತ್ತೇನೆ. ಆ ವರ್ಷ ಆಕೆ ಮನೆಯೊಳಗಿರಿ ಅಂದಾಗ ಇಡೀ ದೇಶ ಒಳಗಿತ್ತು. ಅಂಥ ನಾಯಕಿಯ ಒಂದು ಮಾತಿಗೆ 43ರಲ್ಲಿ ಒಬ್ಬರೂ ಅಲುಗುತ್ತಿರಲಿಲ್ಲ ಅಂದರೆ ನಂಬುವುದು ಕಷ್ಟ. ಅದರಲ್ಲೂ ಇನ್ನೂ ಗೊತ್ತಿಲ್ಲ ಅಂದ ಆ 12 ಅಂಶದ ಜನ ಹೇಗೂ ಹೌದು ಕಡೆಗೆ ವಾಲಿದ್ದರು. ಅಳುಕುತ್ತಿದ್ದವರಿಗೆ ಒಂದು ಧೈರ್ಯ ಬೇಕಿತ್ತು. ಹದಿನೆಂಟರ ಅಂತರ ತೋರಿಸಿದ ಸಮೀಕ್ಷೆ, ಆ ಧೈರ್ಯ ಕೊಡುವುದು ದಂಡ ಅನ್ನಿಸುವಂತೆ ಮಾಡಿತು. ಹೇಗೂ ಸೋಲುವ ಕುದುರೆ, ಅದರ ಮೇಲೆ ಯಾಕೆ ಹೆಸರು ಪಣಕ್ಕಿಡುವುದು? ಎರಡು ಅಂಶದ ಅಂತರ ಅಂತ ಮೊದಲೇ ಗೊತ್ತಿದ್ದರೆ ಅದೇ ಮೌನವನ್ನು ಅಷ್ಟು ಸುಲಭವಾಗಿ ಕಾಪಾಡಿಕೊಳ್ಳಲು ಆಗುತ್ತಿತ್ತೇ ಅಂತ ನನಗೆ ಅನುಮಾನ.

ಹಾಗಂತ ಆರ್ಡರ್ನ್ ಮೋಸ ಮಾಡಿದರು ಅನ್ನಲಾರೆ. ಮಗು ಪಕ್ಕದ ಮನೆಯದು. ಪಕ್ಕದ ಮನೆಯವರ ಮಟ್ಟಿಗೆ ಹೇಳುವುದಾದರೆ, ಬಹಿರಂಗವಾಗಿ ಗಾಂಜಾ ಪರ ಓಡಾಡಿದ ಸ್ವಾರ್ಬ್ರಿಕ್ ಆ ಚುನಾವಣೆಯಲ್ಲಿ ಆಕ್ಲೆಂಡ್ ಸೆಂಟ್ರಲ್ ಕ್ಷೇತ್ರವನ್ನೇ ಗೆದ್ದರು, 1,068 ಮತಗಳ ಅಂತರದಲ್ಲಿ. ಗ್ರೀನ್ ಪಕ್ಷಕ್ಕೆ ಶೇ. 7.9 ಮತ, 10 ಸ್ಥಾನ. ಬಾಯಿ ಬಿಟ್ಟವರೂ ಗೆದ್ದರು, ಬಿಡದವರೂ ಗೆದ್ದರು. ಇನ್ನೊಂದು ತಮಾಷೆ: 1996ರಿಂದ ಗಾಂಜಾ ಒಂದಕ್ಕೇ ಚುನಾವಣೆಗೆ ನಿಲ್ಲುತ್ತಾ ಬಂದ ಪಕ್ಷವೊಂದು ಅಲ್ಲಿದೆ. 14 ಲಕ್ಷ ಜನ ಗಾಂಜಾಕ್ಕೆ ಹೌದು ಅಂದ ದಿನ ಆ ಪಕ್ಷಕ್ಕೆ ಬಂದ ಮತ ಅರ್ಧ ಶೇಕಡಾ ಆಸುಪಾಸು.

ಜನ ಮಾತಾಡಿದ್ದಾರೆ, ಈ ಅವಧಿಯಲ್ಲಿ ಮತ್ತೆ ಈ ವಿಷಯ ಎತ್ತುವುದಿಲ್ಲ ಅಂತ ನ್ಯಾಯ ಸಚಿವ ಆಂಡ್ರ್ಯೂ ಲಿಟಲ್ ಅಂದರು. 65 ಸ್ಥಾನ ಇತ್ತು, ಬೇರೆ ಪಕ್ಷವನ್ನು ಕೇಳುವ ಹಂಗೂ ಇರಲಿಲ್ಲ. ಆರ್ಡರ್ನ್ 2023ರ ಜನವರಿಯಲ್ಲಿ ರಾಜೀನಾಮೆ ಕೊಟ್ಟು ಹೊರಟರು. ಸ್ವಾರ್ಬ್ರಿಕ್ 2024ರಲ್ಲಿ ಗ್ರೀನ್ ಪಕ್ಷದ ಸಹನಾಯಕಿಯಾದರು. ಮನೆಗೆ ನಾಲ್ಕು ಗಿಡ ಅನ್ನುವ ಕರಡು ಸಂಸತ್ತಿನ ಬಾಗಿಲು ಕಾಣಲೇ ಇಲ್ಲ.